ಪೈಥಾನ್ ಫಂಕ್ಷನ್‌ಗೆ ಬರುವ ಆರ್ಗ್ಯುಮೆಂಟ್: ಟೈಪ್ ಯಾರು ನೋಡಬೇಕು, ಎಲ್ಲಿ ನೋಡಬೇಕು?

ನಮ್ಮ ಮಾವನದು ಶಾಮಿಯಾನದ ಅಂಗಡಿ. ಮದುವೆಯಿಂದ ಹಿಡಿದು ತಿಥಿಯವರೆಗೆ ಎಲ್ಲದಕ್ಕೂ ಕುರ್ಚಿ, ಟೇಬಲ್, ದೊಡ್ಡ ಪಾತ್ರೆ ಬಾಡಿಗೆಗೆ ಹೋಗುತ್ತವೆ. ರಸೀದಿ ಬರೆಯುವ ಕಷ್ಟ ತಪ್ಪಲಿ ಅಂತ ನಾನೊಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಮಾಡಿಕೊಟ್ಟೆ. ಎಕ್ಸೆಲ್‌ನಲ್ಲಿ ಪಟ್ಟಿ ತುಂಬಿ, ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಬರಿ ಅಕ್ಷರಗಳ ಫೈಲ್) ಮಾಡಿ ಕೊಟ್ಟರೆ ಆಯಿತು, ಸಾಲಿಗೊಂದು ಮೊತ್ತ ಹಾಕಿ ಪ್ರಿಂಟ್ ತೆಗೆಯುತ್ತದೆ. ಮೊದಲ ರಸೀದಿಯ ಮೊದಲ ಸಾಲು: ಕುರ್ಚಿ 200, ಒಂದಕ್ಕೆ 8 ರೂಪಾಯಿ. ಬರಬೇಕಾಗಿದ್ದು 1,600. ಬಂದದ್ದು 200200200200200200200200.

ಮಾವ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಆಗಿದ್ದಿಷ್ಟೇ. ಸಿಎಸ್‌ವಿ ಫೈಲಿನಿಂದ ಓದಿದ್ದೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಬರುತ್ತದೆ. ನಮ್ಮ ಕಣ್ಣಿಗೆ 200 ಸಂಖ್ಯೆ, ಪೈಥಾನ್‌ಗೆ ಮೂರು ಅಕ್ಷರ. ದರ ಮಾತ್ರ ಕೋಡ್ ಒಳಗೇ ಇದ್ದ ಅಸಲಿ ಸಂಖ್ಯೆ. ಸ್ಟ್ರಿಂಗನ್ನು ಪೂರ್ಣಾಂಕದಿಂದ ಗುಣಿಸಿದರೆ ಪೈಥಾನ್ ಅದನ್ನು ಅಷ್ಟು ಸಲ ಸಾಲಾಗಿ ಜೋಡಿಸಿ ಕೊಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ತಮಾಷೆ ಅಂದರೆ ಕುರ್ಚಿಯ ಬಾಡಿಗೆ ಎಂಟೂವರೆ ರೂಪಾಯಿ ಆಗಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತುಬಿಡುತ್ತಿತ್ತು. ಸ್ಟ್ರಿಂಗನ್ನು ಫ್ಲೋಟ್‌ನಿಂದ (ದಶಮಾಂಶ ಸಂಖ್ಯೆಯಿಂದ) ಗುಣಿಸೋಕೆ ಬರಲ್ಲ, ಟೈಪ್‌ಎರರ್ ಬರುತ್ತದೆ. ಎಂಟು ಅಂತ ಇದ್ದದ್ದಕ್ಕೇ ತಪ್ಪು ಸದ್ದಿಲ್ಲದೆ ರಸೀದಿಯವರೆಗೆ ಹೋಯಿತು.

ಹಾಗಾದರೆ ಫಂಕ್ಷನ್ ಒಳಗೆ ಬರುವ ಆರ್ಗ್ಯುಮೆಂಟ್‌ನ (ಅದಕ್ಕೆ ನಾವು ಕೊಡುವ ಮೌಲ್ಯದ) ಟೈಪ್, ಅಂದರೆ ಅದು ಸಂಖ್ಯೆಯಾ ಸ್ಟ್ರಿಂಗಾ ಅಂತ, ಪರೀಕ್ಷೆ ಮಾಡಬೇಕಾ? ಮಾಡುವುದಾದರೆ ಹೇಗೆ? ಪೈಥಾನ್‌ನಲ್ಲಿ ಇದಕ್ಕೆ ನಾಲ್ಕು ದಾರಿ ಇವೆ. ನಾಲ್ಕನ್ನೂ ನಾನು ಒಂದಲ್ಲ ಒಂದು ಕಡೆ ಬಳಸಿದ್ದೇನೆ, ನಾಲ್ಕರಲ್ಲೂ ಒಂದೊಂದು ಸಲ ಎಡವಿದ್ದೇನೆ.

ಮೊದಲ ದಾರಿ: ಸುಮ್ನೆ ಬಿಟ್ಟುಬಿಡುವುದು

ನಗಬೇಡಿ, ಇದೂ ಒಂದು ದಾರಿಯೇ. ಪೈಥಾನ್‌ನ ಹಳೆಯ ಮಂದಿ ಇದನ್ನೇ ಹೇಳುತ್ತಾರೆ. ಬಂದ ವಸ್ತುವಿನ ಜಾತಿ ಕೇಳಬೇಡ, ಅದಕ್ಕೆ ಬೇಕಾದ ಕೆಲಸ ಬರುತ್ತಾ ನೋಡು, ಬರದಿದ್ದರೆ ತಾನಾಗಿ ಎರರ್ ಬರುತ್ತದೆ. ಇದಕ್ಕೆ ಡಕ್ ಟೈಪಿಂಗ್ ಅಂತ ಹೆಸರು. ರಸೀದಿ ಬರೆಯುವ ಫಂಕ್ಷನ್‌ಗೆ ಫೈಲ್ ಬೇಕು ಅಂದುಕೊಳ್ಳಿ. ಅದು ಬಳಸುವುದು ರೈಟ್ ಅನ್ನುವ ಒಂದೇ ಮೆಥಡ್. ಹಾಗಿದ್ದಾಗ ನಿಜವಾದ ಫೈಲೇ ಬರಬೇಕು ಅಂತ ಹಟ ಹಿಡಿದರೆ, ಟೆಸ್ಟ್ ಮಾಡುವಾಗ ಮೆಮೊರಿಯಲ್ಲಿರುವ ಸ್ಟ್ರಿಂಗ್‌ಐಒ ಅನ್ನುವ ನಕಲಿ ಫೈಲ್ ಕೊಡೋಕಾಗಲ್ಲ. ಸುಮ್ಮನಿದ್ದರೆ ಎರಡೂ ನಡೆಯುತ್ತದೆ.

ತಪ್ಪು ಟೈಪ್ ಬಂದಾಗ ಎರರ್ ಖಂಡಿತ ಬರುತ್ತದೆ ಅನ್ನುವ ಕಡೆ ಈ ದಾರಿ ಚೆನ್ನ. ತಪ್ಪು ಟೈಪ್ ಬಂದರೂ ಕೆಲಸ ನಡೆದುಹೋಗುವ ಕಡೆ ಇದು ಅಪಾಯ. ಗುಣಾಕಾರ ಅಂಥ ಒಂದು ಜಾಗ. ಇನ್ನೊಂದು, ಲಿಸ್ಟ್ ಬೇಕಾದ ಕಡೆ ಸ್ಟ್ರಿಂಗ್ ಕೊಡುವುದು. ಫೋನ್ ನಂಬರುಗಳ ಲಿಸ್ಟ್ ತೆಗೆದುಕೊಂಡು ಒಂದೊಂದಕ್ಕೂ ಮೆಸೇಜ್ ಕಳಿಸುವ ಫಂಕ್ಷನ್ ಇದೆ, ನೀವು ಅವಸರದಲ್ಲಿ ಒಂದೇ ನಂಬರನ್ನು ಬರಿ ಸ್ಟ್ರಿಂಗ್ ಆಗಿ ಕೊಟ್ಟಿರಿ. ಸ್ಟ್ರಿಂಗ್ ಮೇಲೂ ಲೂಪ್ ಓಡುತ್ತದೆ. ಒಂಬತ್ತಕ್ಕೆ ಒಂದು ಮೆಸೇಜ್, ಎಂಟಕ್ಕೆ ಒಂದು ಮೆಸೇಜ್, ಹೀಗೆ ಹತ್ತು ಸಲ ಕಳಿಸಲು ನೋಡುತ್ತದೆ.

ಎರಡನೆಯದು: ಕೈಯಾರೆ ಕೇಳುವುದು

ಫಂಕ್ಷನ್‌ನ ಮೊದಲ ಸಾಲಲ್ಲೇ ಇಸ್‌ಇನ್‌ಸ್ಟನ್ಸ್ (ಇದು ಈ ಟೈಪಾ ಅಂತ ಕೇಳುವ ಫಂಕ್ಷನ್) ಹಾಕಿ, ಇಂಟ್ (ಪೂರ್ಣಾಂಕ) ಅಲ್ಲದಿದ್ದರೆ ಟೈಪ್‌ಎರರ್ ರೇಸ್ ಮಾಡುವುದು, ಅಂದರೆ ನಾವೇ ಎರರ್ ಎಬ್ಬಿಸುವುದು. ಬೇರೆ ಲೈಬ್ರರಿ ಬೇಡ, ಹೊಸದಾಗಿ ಕಲಿಯುವುದೂ ಇಲ್ಲ. ಎರರ್ ಮೆಸೇಜ್ ನಮಗೆ ಬೇಕಾದ ಹಾಗೆ ಬರೆಯಬಹುದು. ‘ಕುರ್ಚಿಯ ಎಣಿಕೆ ಸಂಖ್ಯೆ ಆಗಿರಬೇಕು, ಬಂದಿದ್ದು ಸ್ಟ್ರಿಂಗ್’ ಅಂತ ಓದಿದವನಿಗೆ ಮುಂದೇನು ಮಾಡಬೇಕು ಅಂತ ತಿಳಿಯುತ್ತದೆ.

ಇಲ್ಲಿ ಒಂದಿಷ್ಟು ಕಲ್ಲು ಮುಳ್ಳು ಇವೆ.

ಕೆಲವರು ಎರಡು ಸಾಲಿನ ಬದಲು ಅಸರ್ಟ್ (ಇದು ನಿಜವಾಗಿರಲೇಬೇಕು ಅನ್ನುವ ಒಂದು ಸಾಲು) ಬರೆದು ಮುಗಿಸುತ್ತಾರೆ. ನೋಡೋಕೆ ಚೆಂದ. ಆದರೆ ಪೈಥಾನನ್ನು ದೊಡ್ಡ ಓ ಆಪ್ಷನ್ ಕೊಟ್ಟು ಓಡಿಸಿದರೆ ಅಸರ್ಟ್ ಸಾಲುಗಳೆಲ್ಲ ಮಾಯ. ಕಾವಲುಗಾರ ರಜೆ ಹಾಕಿದ ಹಾಗೆ. ಅಸರ್ಟ್ ಇರುವುದು ನಮ್ಮ ಕೋಡ್‌ನ ಲೆಕ್ಕಾಚಾರ ಸರಿಯಿದೆಯಾ ಅಂತ ನಾವೇ ನೋಡಿಕೊಳ್ಳೋಕೆ. ಹೊರಗಿನಿಂದ ಬಂದ ಆರ್ಗ್ಯುಮೆಂಟ್ ತಡೆಯೋಕೆ ರೇಸ್ ಬೇಕು.

ಇನ್ನೊಂದು, ಟ್ರೂ ಕೂಡ ಇಂಟ್. ನಿಜಕ್ಕೂ. ಪೈಥಾನ್‌ನಲ್ಲಿ ಬೂಲ್ (ಟ್ರೂ, ಫಾಲ್ಸ್ ಎರಡರ ಟೈಪ್) ಅನ್ನುವುದು ಇಂಟ್‌ನ ಮಗು, ಅದಕ್ಕೇ ಟ್ರೂ ಪೂರ್ಣಾಂಕವಾ ಅಂತ ಇಸ್‌ಇನ್‌ಸ್ಟನ್ಸ್ ಕೇಳಿದರೆ ಹೌದು ಅನ್ನುತ್ತದೆ. ಕುರ್ಚಿಯ ಎಣಿಕೆ ಟ್ರೂ ಅಂತ ಬಂದರೆ ಬಾಡಿಗೆ 8 ರೂಪಾಯಿ. ಬೂಲ್ ಬೇಡ ಅಂದರೆ ಅದನ್ನು ಬೇರೆಯಾಗಿ ಹೇಳಬೇಕು.

ಇದರ ಉಲ್ಟಾ ಸಮಸ್ಯೆ ಇನ್ನೂ ಜಾಸ್ತಿ ಕಾಡುತ್ತದೆ: ಸರಿಯಾದದ್ದನ್ನೂ ಬಾಗಿಲಲ್ಲೇ ತಡೆಯುವುದು. ಪಾಂಡಾಸ್ ಅನ್ನುವ ಪಟ್ಟಿಗಳ ಲೈಬ್ರರಿಯಿಂದ ಬಂದ ಒಂದು ಸಂಖ್ಯೆ ನಂಪೈ ಅನ್ನುವ ಲೆಕ್ಕದ ಲೈಬ್ರರಿಯ ಇಂಟ್64 ಆಗಿರುತ್ತದೆ. ಅದು ಪೈಥಾನ್‌ನ ಇಂಟ್ ಅಲ್ಲ, ಇಸ್‌ಇನ್‌ಸ್ಟನ್ಸ್ ಅದನ್ನು ಒಪ್ಪಲ್ಲ. ಹಾಗೆಯೇ ಫ್ಲೋಟ್ ಬೇಕು ಅಂತ ಬರೆದರೆ ಬರಿ 5 ಕೊಟ್ಟಾಗ ಬೇಡ ಅನ್ನುತ್ತದೆ. ನಂಬರ್ಸ್ ಮಾಡ್ಯೂಲ್‌ನ ಇಂಟೆಗ್ರಲ್ ಹಾಕಿದರೆ ನಂಪೈ ಪೂರ್ಣಾಂಕವೂ ಒಳಗೆ ಬರುತ್ತದೆ. ನನಗೆ ಇಷ್ಟ ಆಪರೇಟರ್ ಮಾಡ್ಯೂಲ್‌ನ ಇಂಡೆಕ್ಸ್ ಫಂಕ್ಷನ್. ಪೂರ್ಣಾಂಕ ಯಾವ ವೇಷದಲ್ಲಿ ಬಂದರೂ ಪೈಥಾನ್ ಇಂಟ್ ಆಗಿ ಕೊಡುತ್ತದೆ, ಸ್ಟ್ರಿಂಗ್ ಅಥವಾ ಫ್ಲೋಟ್ ಬಂದರೆ ಟೈಪ್‌ಎರರ್. ಒಂದೇ ಸಾಲಿನ ಕೆಲಸ, ಯಾಕೋ ಜನ ಬಳಸುವುದು ಕಡಿಮೆ.

ಲಿಸ್ಟ್ ಒಳಗಿರುವುದೆಲ್ಲ ಇಂಟ್ ಆಗಿದೆಯಾ ಅಂತ ಇಸ್‌ಇನ್‌ಸ್ಟನ್ಸ್‌ಗೆ ಒಂದೇ ಮಾತಲ್ಲಿ ಕೇಳೋಕಾಗಲ್ಲ, ಅಲ್ಲೇ ಎರರ್ ಕೊಡುತ್ತದೆ. ಲೂಪ್ ಬರೆಯಬೇಕು. ಹೀಗೆ ಐದು ಆರ್ಗ್ಯುಮೆಂಟ್ ಇರುವ ಫಂಕ್ಷನ್‌ಗೆ ಹದಿನೈದು ಸಾಲು ಪರೀಕ್ಷೆ ಬರೆದು, ಕೆಳಗೆ ಎರಡು ಸಾಲಿನ ಕೆಲಸ ಇಟ್ಟ ಕೋಡ್ ನಾನು ನೋಡಿದ್ದೇನೆ. ಬರೆದಿದ್ದೂ ನಾನೇ.

ಮೂರನೆಯದು: ಟೈಪ್ ಹಿಂಟ್ ಬರೆದು, ಓಡಿಸುವ ಮೊದಲೇ ನೋಡಿಸುವುದು

ಫಂಕ್ಷನ್‌ನ ತಲೆಸಾಲಲ್ಲಿ ಪ್ರತಿ ಆರ್ಗ್ಯುಮೆಂಟ್ ಪಕ್ಕ ಅದರ ಟೈಪ್ ಬರೆದಿಡುವುದೇ ಟೈಪ್ ಹಿಂಟ್. ಹೀಗೆ ಬರೆಯುತ್ತೇವೆ:

ಡೆಫ್ ಬಾಡಿಗೆ(ಎಣಿಕೆ: ಇಂಟ್, ದರ: ಇಂಟ್) -> ಇಂಟ್:

(ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಡೆಫ್, ಇಂಟ್ ಇವನ್ನು ನಿಜವಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಆದರೆ ಬಾಡಿಗೆ, ಎಣಿಕೆ, ದರ ಅನ್ನುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು, ಪೈಥಾನ್ 3 ಒಪ್ಪುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರು ಒಪ್ಪುತ್ತಾರಾ ಅನ್ನುವುದು ಬೇರೆ ಮಾತು.)

ಹೊಸಬರು ಇಲ್ಲೇ ಮೋಸಹೋಗುತ್ತಾರೆ. ಇಂಟ್ ಅಂತ ಬರೆದ ಮೇಲೆ ಸ್ಟ್ರಿಂಗ್ ಕೊಟ್ಟರೆ ಪೈಥಾನ್ ತಡೆಯುತ್ತದೆ ಅಂದುಕೊಳ್ಳುತ್ತಾರೆ. ತಡೆಯಲ್ಲ. ಹಿಂಟ್ ಅನ್ನುವುದು ಬಾಗಿಲಿಗೆ ಅಂಟಿಸಿದ ಬೋರ್ಡ್ ಅಷ್ಟೇ, ಬೀಗ ಅಲ್ಲ. 200200200 ಹಾಗೆಯೇ ಬರುತ್ತದೆ. ಈ ಬರಹದ ರೂಪ 2008ರ ಪೈಥಾನ್ 3.0ರಲ್ಲೇ ಬಂದಿತ್ತು, ಆದರೆ ಅದಕ್ಕೆ ಏನು ಅರ್ಥ ಅಂತ ಆಗ ಯಾರೂ ಗೊತ್ತುಮಾಡಿರಲಿಲ್ಲ. ಟೈಪ್ ಅಂತಲೇ ಅರ್ಥ ಅಂತ ಆಗಿದ್ದು 2015ರ ಪೈಥಾನ್ 3.5ರ ಹೊತ್ತಿಗೆ, ಪೆಪ್ 484 ಅನ್ನುವ ದಾಖಲೆಯಲ್ಲಿ. ಪೈಥಾನ್ ಹುಟ್ಟಿಸಿದ ಗಿಡೊ ವ್ಯಾನ್ ರಾಸಮ್ ಕೂಡ ಅದರ ಲೇಖಕರಲ್ಲಿ ಒಬ್ಬರು. ಟೈಪ್ ಹಿಂಟನ್ನು ಎಂದೂ ಕಡ್ಡಾಯ ಮಾಡುವ ಆಸೆ ತಮಗಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಪಿಎಚ್‌ಪಿ ಅನ್ನುವ ಇನ್ನೊಂದು ಭಾಷೆ ಬೇರೆ ದಾರಿ ಹಿಡಿಯಿತು. ಅದೇ 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಫಂಕ್ಷನ್‌ಗೆ ಇಂಟ್ ಅಂತ ಬರೆದು, ಫೈಲ್ ತಲೆಗೆ ಸ್ಟ್ರಿಕ್ಟ್ ಟೈಪ್ಸ್ ಅಂತ ಒಂದು ಸಾಲು ಹಾಕಿದರೆ, ಓಡುವಾಗ ಭಾಷೆಯೇ ತಡೆಯುತ್ತದೆ.

ಪೈಥಾನ್‌ನಲ್ಲಿ ಬೋರ್ಡ್ ಓದುವ ಕೆಲಸ ಬೇರೆ ಟೂಲ್‌ನದು. ಹೆಚ್ಚು ಬಳಕೆಯಲ್ಲಿರುವುದು ಮೈಪೈ ಮತ್ತು ಪೈರೈಟ್. ಇವು ಕೋಡನ್ನು ಓಡಿಸುವುದಿಲ್ಲ, ಓದುತ್ತವೆ. ಓದಿ, ಇಂಥ ಸಾಲಲ್ಲಿ ಇಂಟ್ ಬೇಕಾದ ಕಡೆ ಸ್ಟ್ರಿಂಗ್ ಹೋಗುತ್ತಿದೆ ಅಂತ ಹೇಳುತ್ತವೆ. ಮೈಪೈ ಯುಕ್ಕಾ ಲೆಹ್ಟೊಸಾಲೊ ಅವರು ಕೇಂಬ್ರಿಡ್ಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಶುರುಮಾಡಿದ್ದು, ಆಮೇಲೆ ಡ್ರಾಪ್‌ಬಾಕ್ಸ್‌ನಲ್ಲಿ ಬೆಳೆಯಿತು. ಅಲ್ಲಿ 2019ರ ಹೊತ್ತಿಗೆ 40 ಲಕ್ಷ ಸಾಲು ಪೈಥಾನ್ ಕೋಡ್ ಮೈಪೈ ಪರೀಕ್ಷೆಗೆ ಒಳಪಟ್ಟಿತ್ತು. ಪೈರೈಟ್ ಮೈಕ್ರೋಸಾಫ್ಟ್‌ನದು, ವಿಎಸ್ ಕೋಡ್ ಎಡಿಟರ್‌ನ ಪೈಲಾನ್ಸ್ ಎಕ್ಸ್‌ಟೆನ್ಷನ್ ಒಳಗೆ ಇರುವುದು ಇದೇ. ಇತ್ತೀಚೆಗೆ ರಸ್ಟ್ ಭಾಷೆಯಲ್ಲಿ ಬರೆದ ಟೈ, ಪೈರೆಫ್ಲೈ ಅಂತ ಹೊಸಬರೂ ಬಂದಿದ್ದಾರೆ. ವೇಗ ಜೋರು, ವಯಸ್ಸು ಚಿಕ್ಕದು.

ಮೈಪೈ ಮತ್ತು ಪೈರೈಟ್ ನಡುವೆ ಆಯ್ಕೆ ಹೇಗೆ? ಒಂದು ವ್ಯತ್ಯಾಸ ಮುಖ್ಯ. ಹಿಂಟ್ ಇಲ್ಲದ ಫಂಕ್ಷನ್ ಒಳಗೆ ಮೈಪೈ ಇಣುಕುವುದೇ ಇಲ್ಲ, ಹೇಳಿದರೆ ಮಾತ್ರ ನೋಡುತ್ತದೆ. ಹಳೆಯ ದೊಡ್ಡ ಕೋಡ್‌ಗೆ ಇದು ವರ, ಏಕೆಂದರೆ ಮೊದಲ ದಿನವೇ ಸಾವಿರ ಎರರ್ ಸುರಿಯಲ್ಲ, ಒಂದೊಂದೇ ಫೈಲ್‌ಗೆ ಹಿಂಟ್ ಸೇರಿಸುತ್ತ ಹೋಗಬಹುದು. ಹೊಸ ಕೋಡ್‌ಗೆ ಇದೇ ಶಾಪ. ಎರರ್ ಇಲ್ಲ ಅಂತ ಹಸಿರು ಸಾಲು ಬರುತ್ತದೆ, ನೋಡಿದರೆ ಅದು ಏನನ್ನೂ ಪರೀಕ್ಷಿಸಿಯೇ ಇರಲ್ಲ. ಹೊಸದಾಗಿ ಶುರುಮಾಡುವವರು ಮೊದಲ ದಿನವೇ ಮೈಪೈಗೆ ಸ್ಟ್ರಿಕ್ಟ್ ಆಪ್ಷನ್ ಹಾಕಿ. ಪೈರೈಟ್ ಹಿಂಟ್ ಇಲ್ಲದ ಕಡೆಯೂ ಊಹಿಸಿ ನೋಡುತ್ತದೆ. ಎಡಿಟರ್‌ನಲ್ಲಿ ಟೈಪ್ ಮಾಡುತ್ತಿರುವಾಗಲೇ ಕೆಂಪು ಗೆರೆ ಬೇಕು ಅಂದರೆ ಪೈರೈಟ್ ಹಿತ. ಆದರೆ ಪೈಲಾನ್ಸ್‌ನಲ್ಲಿ ಟೈಪ್ ಚೆಕಿಂಗ್ ಮೋಡ್ ಮೊದಲಿಗೆ ಆಫ್ ಇರುತ್ತದೆ. ಅದನ್ನು ಬೇಸಿಕ್ ಮಾಡದೆ, ಗೆರೆಯೇ ಬರಲ್ಲ ಅಂತ ಬೈಯುವವರೂ ಇದ್ದಾರೆ.

ನನ್ನ ಕುರ್ಚಿಯ ತಪ್ಪನ್ನು ಇವು ಹಿಡಿಯುತ್ತಿದ್ದವಾ? ಹಿಡಿಯುತ್ತಿದ್ದವು. ಸಿಎಸ್‌ವಿ ಓದುವ ಮಾಡ್ಯೂಲ್ ಸ್ಟ್ರಿಂಗ್ ಕೊಡುತ್ತದೆ ಅಂತ ಈ ಟೂಲ್‌ಗಳಿಗೆ ಗೊತ್ತು. ಆದರೆ ಅದೇ ಪಟ್ಟಿ ಜೇಸನ್ (ವೆಬ್‌ನಲ್ಲಿ ಡೇಟಾ ಸಾಗಿಸುವ ಒಂದು ರೂಪ) ಫೈಲ್ ಆಗಿ ಬಂದಿದ್ದರೆ? ಜೇಸನ್‌ನಿಂದ ಏನು ಬೇಕಾದರೂ ಬರಬಹುದು, ಅದಕ್ಕೆ ಅದರ ಟೈಪ್ ಎನಿ. ಎನಿ ಅಂದರೆ ಎಲ್ಲದಕ್ಕೂ ಸೈ ಅನ್ನುವ ಟೈಪ್, ಇಂಟ್ ಬೇಕಾದ ಕಡೆ ಕೊಟ್ಟರೂ ಟೂಲ್ ತುಟಿ ಬಿಚ್ಚಲ್ಲ. ಓಡುವಾಗ ಒಳಗೆ ಏನು ಬಂತು ಅಂತ ಇವು ನೋಡಲ್ಲ, ನೋಡೋಕೂ ಆಗಲ್ಲ.

ಫೋನ್ ನಂಬರಿನ ಕಥೆಯೂ ಇಲ್ಲಿ ಅರ್ಧ ಮಾತ್ರ ಬಗೆಹರಿಯುತ್ತದೆ. ಸ್ಟ್ರಿಂಗ್‌ಗಳ ಲಿಸ್ಟ್ ಅಂತ ಹಿಂಟ್ ಬರೆದರೆ ಬರಿ ಸ್ಟ್ರಿಂಗ್ ಕೊಟ್ಟಾಗ ಸಿಕ್ಕಿಬೀಳುತ್ತದೆ. ಟ್ಯೂಪಲ್ (ಬದಲಿಸಲಾಗದ ಲಿಸ್ಟ್) ಕೂಡ ನಡೆಯಲಿ ಅಂತ ಉದಾರವಾಗಿ ಸ್ಟ್ರಿಂಗ್‌ಗಳ ಸೀಕ್ವೆನ್ಸ್ ಅಂತ ಬರೆದಿರೋ, ಮುಗೀತು. ಸ್ಟ್ರಿಂಗ್ ತಾನೂ ಸ್ಟ್ರಿಂಗ್‌ಗಳ ಸೀಕ್ವೆನ್ಸೇ. ಮೈಪೈ ತೆಪ್ಪಗಿರುತ್ತದೆ.

ಡಕ್ ಟೈಪಿಂಗ್ ಬಿಡಲಾರೆ ಅನ್ನುವವರಿಗೂ ಇಲ್ಲಿ ಜಾಗ ಇದೆ. 2019ರ ಪೈಥಾನ್ 3.8ರಿಂದ ಪ್ರೋಟೋಕಾಲ್ ಇದೆ. ರೈಟ್ ಮೆಥಡ್ ಇದ್ದರೆ ಸಾಕು, ಯಾರಾದರೂ ಬರಲಿ ಅಂತ ಹಿಂಟ್‌ನಲ್ಲೇ ಬರೆಯಬಹುದು.

ನಾಲ್ಕನೆಯದು: ಹಿಂಟನ್ನೇ ಓಡುವಾಗ ಬೀಗ ಮಾಡುವುದು

ಬೋರ್ಡ್ ಹೇಗೂ ಬರೆದಾಗಿದೆ, ಅದನ್ನು ಓದಿ ಬಾಗಿಲು ಕಾಯುವವನೊಬ್ಬನನ್ನು ನಿಲ್ಲಿಸಿದರೆ? ಫಂಕ್ಷನ್ ತಲೆಯ ಮೇಲೆ ಒಂದು ಡೆಕೊರೇಟರ್ (ಫಂಕ್ಷನ್ ಸುತ್ತ ಹೊದಿಸುವ ಹೊದಿಕೆ) ಹಾಕಿದರೆ ಈ ಕೆಲಸ ಆಗುತ್ತದೆ. ಟೈಪ್‌ಗಾರ್ಡ್, ಬೇರ್‌ಟೈಪ್, ಪೈಡ್ಯಾಂಟಿಕ್ ಅನ್ನುವ ಲೈಬ್ರರಿಗಳು ಮೂರೂ ಇದನ್ನೇ ಮಾಡುತ್ತವೆ. ಆದರೆ ಮೂವರ ಗುಣ ಬೇರೆ ಬೇರೆ. ಇದನ್ನು ತಿಳಿಯದೆ ಆರಿಸಿಕೊಂಡರೆ ತೊಂದರೆ.

ಲಕ್ಷ ಸಂಖ್ಯೆ ಇರುವ ಒಂದು ಲಿಸ್ಟ್ ಬಂತು ಅನ್ನಿ, ಅದರ 500ನೆಯದು ಮಾತ್ರ ಸ್ಟ್ರಿಂಗ್. ಟೈಪ್‌ಗಾರ್ಡ್ ಈಗಿನ ಆವೃತ್ತಿಯಲ್ಲಿ, ನಾವು ಬೇರೆ ಹೇಳದಿದ್ದರೆ, ಮೊದಲನೆಯದನ್ನು ಮಾತ್ರ ನೋಡುತ್ತದೆ. ಬೇರ್‌ಟೈಪ್ ಕಣ್ಣು ಮುಚ್ಚಿ ಯಾವುದೋ ಒಂದನ್ನು ಎತ್ತಿ ನೋಡುತ್ತದೆ. ಅಕ್ಕಿ ಮೂಟೆಗೆ ಕೊಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡುವ ಹಾಗೆ. ಅದಕ್ಕೇ ಲಿಸ್ಟ್ ಎಷ್ಟು ಉದ್ದ ಇದ್ದರೂ ಬೇರ್‌ಟೈಪ್‌ನ ಸಮಯ ಹೆಚ್ಚಲ್ಲ. ಇಂಥ ಒಂದು ತಪ್ಪು ಇವತ್ತು ತಪ್ಪಿಸಿಕೊಂಡು ನಾಳೆ ಸಿಕ್ಕಿಬೀಳಬಹುದು. ಪೈಡ್ಯಾಂಟಿಕ್ ಲಕ್ಷವನ್ನೂ ನೋಡುತ್ತದೆ. ನೋಡುವುದಷ್ಟೇ ಅಲ್ಲ, ಹೊಸ ಲಿಸ್ಟನ್ನೇ ಕಟ್ಟಿ ಫಂಕ್ಷನ್‌ಗೆ ಕೊಡುತ್ತದೆ. ನಿಮ್ಮ ಫಂಕ್ಷನ್ ಆ ಲಿಸ್ಟ್‌ಗೆ ಏನಾದರೂ ಸೇರಿಸಿದರೆ ಕರೆದವನ ಕೈಯಲ್ಲಿರುವ ಲಿಸ್ಟ್ ಹಾಗೆಯೇ ಉಳಿಯುತ್ತದೆ. ಇದನ್ನು ಹುಡುಕುತ್ತ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ.

ಪೈಡ್ಯಾಂಟಿಕ್‌ನ ಇನ್ನೊಂದು ಗುಣ ಇನ್ನೂ ದೊಡ್ಡದು. ಅದು ಪರೀಕ್ಷಕ ಅಲ್ಲ, ಪರಿವರ್ತಕ. ವ್ಯಾಲಿಡೇಟ್ ಕಾಲ್ ಅನ್ನುವ ಡೆಕೊರೇಟರ್ ಹಾಕಿ ಬಾಡಿಗೆ ಫಂಕ್ಷನ್‌ಗೆ ‘200’ ಅನ್ನುವ ಸ್ಟ್ರಿಂಗ್ ಕೊಟ್ಟರೆ ಎರರ್ ಬರಲ್ಲ. ಅದನ್ನು ಸಂಖ್ಯೆ ಮಾಡಿ ಒಳಗೆ ಬಿಡುತ್ತದೆ, 1,600 ಬರುತ್ತದೆ. ನನ್ನಂಥವನಿಗೆ ಇದು ದೇವರು ಕೊಟ್ಟ ಹಾಗೆ. ಆದರೆ ಬೂಲ್ ಬೇಕಾದ ಕಡೆ ‘ನೋ’ ಅನ್ನುವ ಸ್ಟ್ರಿಂಗ್ ಬಂದರೆ ಫಾಲ್ಸ್ ಆಗುತ್ತದೆ, ‘ಆಫ್’ ಬಂದರೂ ಫಾಲ್ಸ್. ವೆಬ್ ಫಾರ್ಮ್‌ನಿಂದ ಬಂದದ್ದಕ್ಕೆ ಇದು ಸರಿ. ನಿಮ್ಮದೇ ಎರಡು ಫಂಕ್ಷನ್‌ಗಳ ನಡುವೆ ಹೀಗೆ ಆಗುತ್ತಿದ್ದರೆ ಅದು ಬಗ್, ಮತ್ತು ಆ ಬಗ್ಗನ್ನು ಯಾರೋ ಒಳ್ಳೆಯತನದಿಂದ ಬಚ್ಚಿಡುತ್ತಿದ್ದಾರೆ. ಪರಿವರ್ತನೆ ಬೇಡ ಅಂದರೆ ಸ್ಟ್ರಿಕ್ಟ್ ಮೋಡ್ ಇದೆ. 2023ರಲ್ಲಿ ಬಂದ ಎರಡನೇ ಆವೃತ್ತಿಯ ತಿರುಳು ರಸ್ಟ್‌ನಲ್ಲಿದೆ, ಹಾಗಾಗಿ ಹಳೆಯದಕ್ಕಿಂತ ಬಹಳ ಚುರುಕು. ಆದರೂ ಒಂದು ಲೂಪ್ ಒಳಗೆ ಹತ್ತು ಲಕ್ಷ ಸಲ ಕರೆಯುವ ಫಂಕ್ಷನ್ ಮೇಲೆ ಇದನ್ನು ಹಾಕಬೇಡಿ.

ಟೈಪ್‌ಗಾರ್ಡ್ ಹಾಕಲು ನಾನು ಕಂಡ ಒಳ್ಳೆಯ ಜಾಗ ಟೆಸ್ಟ್. ಟೆಸ್ಟ್ ಓಡಿಸುವ ಪೈಟೆಸ್ಟ್ ಅನ್ನುವ ಟೂಲ್‌ಗೆ ಅದರ ಪ್ಲಗಿನ್ ಇದೆ. ಕೋಡ್ ಮುಟ್ಟದೆ, ಟೆಸ್ಟ್ ಓಡುವಾಗ ಮಾತ್ರ ಇಡೀ ಪ್ಯಾಕೇಜ್‌ನ ಹಿಂಟ್‌ಗಳು ನಿಜ ಹೇಳುತ್ತಿವೆಯಾ ಅಂತ ನೋಡಿಸಬಹುದು. ಯಾರೋ ವರ್ಷದ ಹಿಂದೆ ಬರೆದ ಹಿಂಟ್ ಸುಳ್ಳಾಗಿರುವುದು ಇಲ್ಲಿ ಹೊರಬೀಳುತ್ತದೆ.

ಹಾಗಾದರೆ ಯಾವುದು?

ಮನೆಗೆ ಬಂದವರು ಚಪ್ಪಲಿ ಬಿಡುವುದು ಹೊಸ್ತಿಲ ಹೊರಗೆ. ನಡುಮನೆಗೊಂದು ಸಲ, ಅಡುಗೆಮನೆಗೊಂದು ಸಲ ಕಾಲು ನೋಡುವುದಿಲ್ಲ. ನಾನು ಕೋಡ್‌ನಲ್ಲೂ ಇದನ್ನೇ ಹಿಡಿದಿದ್ದೇನೆ. ಹೊರಗಿನ ಡೇಟಾ ಒಳಗೆ ಬರುವ ಜಾಗ ಯಾವುದು ಅಂತ ಮೊದಲು ಹುಡುಕಿ: ಫೈಲ್, ಫಾರ್ಮ್, ಎಪಿಐ, ಕಮಾಂಡ್ ಲೈನ್. ಅಲ್ಲಿ ಓಡುವಾಗಲೇ ಪರೀಕ್ಷೆ, ಪರಿವರ್ತನೆ ಎರಡೂ ಆಗಿಬಿಡಲಿ. ಒಳಗಿನ ಫಂಕ್ಷನ್‌ಗಳಿಗೆ ಹಿಂಟ್, ಮೇಲೆ ಮೈಪೈ ಅಥವಾ ಪೈರೈಟ್. ಒಳಗೆಲ್ಲ ಇಸ್‌ಇನ್‌ಸ್ಟನ್ಸ್ ಸುರಿಯುವುದು ಬೇಡ.

ಐವತ್ತು ಸಾಲಿನ ಸ್ಕ್ರಿಪ್ಟ್, ಬಳಸುವವರು ನೀವೊಬ್ಬರೇ ಅಂದರೆ ಫೈಲ್ ಓದುವ ಸಾಲಲ್ಲೇ ಇಂಟ್ ಅಂತ ಸುತ್ತಿಬಿಡಿ, ಬೇರೇನೂ ಬೇಡ. ‘೨೦೦’ ಅಂತ ಕನ್ನಡ ಅಂಕಿಯಲ್ಲಿ ಬರೆದ ಸ್ಟ್ರಿಂಗನ್ನೂ ಪೈಥಾನ್‌ನ ಇಂಟ್ 200 ಅಂತಲೇ ಓದುತ್ತದೆ, ನಂಬದಿದ್ದರೆ ಮಾಡಿ ನೋಡಿ. ನಡುವೆ ಕಾಮಾ ಇರುವ ‘1,200’ ಮಾತ್ರ ಅದಕ್ಕೆ ಆಗಲ್ಲ, ವ್ಯಾಲ್ಯೂಎರರ್ ಕೊಡುತ್ತದೆ. ಜೇಸನ್ ಬರುವ ವೆಬ್ ಸರ್ವಿಸ್ ಆದರೆ ಎರಡನೇ ಯೋಚನೆ ಬೇಡ, ಪೈಡ್ಯಾಂಟಿಕ್. ಮೂರು ಜನಕ್ಕಿಂತ ಜಾಸ್ತಿ ಮಂದಿ ಮುಟ್ಟುವ ಕೋಡ್ ಆದರೆ ಮೂರನೇ ದಾರಿ ತಪ್ಪಿಸಬೇಡಿ. ಬೇರೆಯವರು ಬಳಸುವ ಲೈಬ್ರರಿ ಬರೆಯುತ್ತಿದ್ದರೆ, ಹೊರಗೆ ಕಾಣುವ ನಾಲ್ಕೈದು ಫಂಕ್ಷನ್‌ಗಳಲ್ಲಿ ಕೈಯಾರೆ ಪರೀಕ್ಷೆ ಹಾಕಿ, ಅರ್ಥವಾಗುವ ಎರರ್ ಬರೆಯಿರಿ. ಅವರು ಮೈಪೈ ಓಡಿಸುತ್ತಾರೆ ಅಂತ ನಂಬಿ ಕೂರೋಕಾಗಲ್ಲ. ನಂಪೈ ಜಾಸ್ತಿ ಇರುವ ಲೆಕ್ಕದ ಕೋಡ್‌ನಲ್ಲಿ ನನಗೆ ಬೇರ್‌ಟೈಪ್ ಹಿಡಿಸಿತು, ವೇಗ ಕೆಡಿಸಲ್ಲ.

ಇಷ್ಟೆಲ್ಲ ಮಾಡಿದರೂ ಟೈಪ್ ಪರೀಕ್ಷೆ ಹಿಡಿಯದ ತಪ್ಪು ಇದ್ದೇ ಇರುತ್ತದೆ. ಮೈನಸ್ ಐದು ಕುರ್ಚಿ ಅನ್ನುವುದು ಅಪ್ಪಟ ಇಂಟ್. ಎಣಿಕೆ ಮತ್ತು ದರ ಎರಡೂ ಇಂಟ್ ಆಗಿರುವಾಗ ಅದಲುಬದಲು ಕೊಟ್ಟರೂ ಯಾವ ಟೂಲ್ ಕೂಡ ಮಾತಾಡಲ್ಲ. ಬಾಡಿಗೆಯಲ್ಲಿ ಗುಣಾಕಾರ ಆದ್ದರಿಂದ ಪಾರಾದೆ. ಕಳೆಯುವ ಲೆಕ್ಕವಾಗಿದ್ದರೆ ಮಾವ ಮತ್ತೆ ಕನ್ನಡಕ ಒರೆಸಬೇಕಾಗುತ್ತಿತ್ತು.

ಮಾವನ ಸ್ಕ್ರಿಪ್ಟ್ ಈಗ ಹೇಗಿದೆ ಅಂದರೆ, ಫೈಲ್ ಓದುವ ಒಂದೇ ಫಂಕ್ಷನ್‌ನಲ್ಲಿ ಎಲ್ಲ ಎಣಿಕೆಯನ್ನೂ ಇಂಟ್ ಮಾಡುತ್ತೇನೆ. ಆಗದಿದ್ದರೆ ಯಾವ ಸಾಲು, ಏನು ಬರೆದಿದೆ ಅಂತ ಕನ್ನಡದಲ್ಲೇ ಹೇಳಿ ನಿಲ್ಲಿಸುತ್ತೇನೆ. ಉಳಿದದ್ದಕ್ಕೆ ಹಿಂಟ್ ಬರೆದು ಪೈರೈಟ್‌ಗೆ ಒಪ್ಪಿಸಿದ್ದೇನೆ. ಹೋದ ತಿಂಗಳು ಮದುವೆ ಸೀಸನ್‌ನಲ್ಲಿ ಅದು ಮೊದಲ ಸಲ ನಿಂತಿತು. ‘17ನೇ ಸಾಲು: ಕುರ್ಚಿಯ ಎಣಿಕೆ ಓದಲು ಆಗಲಿಲ್ಲ: 200+20’. ಗೋಡೌನ್ ಹುಡುಗ ಆಮೇಲೆ ಕಳಿಸಿದ ಇಪ್ಪತ್ತನ್ನು ಅಲ್ಲೇ ಪಕ್ಕದಲ್ಲಿ ಸೇರಿಸಿದ್ದ. ನಾನು ಖುಷಿಯಾಗಿದ್ದೆ, ನೋಡಿ ಎಷ್ಟು ಚೆನ್ನಾಗಿ ಹಿಡಿಯಿತು ಅಂತ. ಮಾವ ಫೋನ್ ಮಾಡಿದರು.

“ಏನಪ್ಪಾ, ನಿನ್ನ ಪ್ರೋಗ್ರಾಮ್‌ಗೆ ಕೂಡೋದೂ ಬರಲ್ವಾ?”